ಹಳೇ ಫೋನಿಗೆ ಮತ್ತೆ ಚುರುಕು: ರೀಸೆಟ್, ಬ್ಯಾಟರಿ, ಲಿನಿಯೇಜ್ ಓಎಸ್ – ಯಾವುದು ಮೇಲು?

ಮೂಲೆಗೆ ಹಾಕಿದ್ದ 3 ಜಿಬಿ ರ‍್ಯಾಮಿನ ಆಂಡ್ರಾಯ್ಡ್ ಫೋನನ್ನೇ ಈಗ ದಿನವೂ ಬಳಸುತ್ತಿದ್ದೇನೆ. ಅದನ್ನು ಚುರುಕು ಮಾಡಲು ಜನ ಹೇಳುವ ದಾರಿಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಒಂದೇ ತೂಕದವಲ್ಲ.

ಸುಲಭದ್ದು ಮೊದಲು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಎಂಬ ಅಡಗಿದ ಸೆಟ್ಟಿಂಗ್ಸ್ ಪುಟ ತೆರೆದುಕೊಳ್ಳುತ್ತದೆ. ಆ್ಯಪ್ ತೆರೆದು ಮುಚ್ಚುವಾಗಿನ ಚಲನೆ ಎಷ್ಟು ಹೊತ್ತು ಇರಬೇಕೆಂದು ಹೇಳುವ ಮೂರು ಅನಿಮೇಷನ್ ಸ್ಕೇಲ್‌ಗಳು ಅಲ್ಲಿವೆ, ಅವನ್ನು 0.5ಕ್ಕೆ ಇಳಿಸಿದೆ. ಪ್ರೊಸೆಸರ್ ಏನೂ ವೇಗವಾಗುವುದಿಲ್ಲ, ಆದರೂ ಕೈಗೆ ಫೋನ್ ಹಗುರ ಅನಿಸುತ್ತದೆ. ರ‍್ಯಾಮ್ ಖಾಲಿ ಮಾಡುವ ಕ್ಲೀನರ್ ಆ್ಯಪ್‌ಗಳು ಮಾತ್ರ ಬೇಡವೇ ಬೇಡ. ಅವು ಮುಚ್ಚಿದ್ದನ್ನು ಫೋನ್ ಮತ್ತೆ ಮೊದಲಿನಿಂದ ತೆರೆಯಬೇಕು, ಸುಮ್ನೆ ಬ್ಯಾಟರಿ ದಂಡ.

ಫ್ಯಾಕ್ಟರಿ ರೀಸೆಟ್, ಅಂದರೆ ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು, ನಿಜವಾಗಿ ಕೆಲಸ ಮಾಡಿತು. ಕಾರಣ ಸ್ಟೋರೇಜ್. ಫೋನಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಆಗದು, ಮೊದಲು ಆ ಜಾಗವನ್ನು ಅಳಿಸಬೇಕು. ಖಾಲಿ ಜಾಗ ಕಡಿಮೆಯಾದಷ್ಟೂ ಇದ್ದದ್ದನ್ನು ಅತ್ತಿತ್ತ ಸರಿಸುವ ಕೆಲಸ ಜಾಸ್ತಿ. ತುಂಬಿದ ಫೋನಿನಲ್ಲಿ ಒಂದು ಫೋಟೊ ಉಳಿಸುವುದಕ್ಕೂ ತಡವಾಗುವುದು ಇದರಿಂದಲೇ. ಆದರೆ ರೀಸೆಟ್ ಆದಮೇಲೆ ಹಳೇ ಆ್ಯಪ್‌ಗಳನ್ನೆಲ್ಲ ವಾಪಸ್ ತುಂಬಿದರೆ ಏನು ಬಂತು, ಅಲ್ವಾ? ಬೇಕಾದವನ್ನಷ್ಟೇ ಹಾಕಿಕೊಂಡೆ, ಫೇಸ್‌ಬುಕ್ಕನ್ನು ಬ್ರೌಸರಿನಲ್ಲೇ ನೋಡುತ್ತೇನೆ. ರೀಸೆಟ್‌ಗೆ ಮುಂಚೆ ಫೋಟೊಗಳ ಬ್ಯಾಕಪ್ ತೆಗೆಯಿರಿ. ಗೂಗಲ್ ಪಾಸ್‌ವರ್ಡ್ ನೆನಪಿದೆಯೇ ಅಂತಲೂ ನೋಡಿಕೊಳ್ಳಿ.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಶೇ. 30 ಚಾರ್ಜ್ ತೋರಿಸುತ್ತಿರುವಾಗಲೇ ಕ್ಯಾಮೆರಾ ತೆರೆದರೆ ಫೋನ್ ಆಫ್! ಇದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ, ಒಮ್ಮೆಗೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಹೀಗೆ ಆಫ್ ಆಗದಿರಲೆಂದು ಹಳೇ ಬ್ಯಾಟರಿಯ ಐಫೋನ್‌ಗಳ ವೇಗ ತಗ್ಗಿಸುತ್ತಿರುವುದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತ್ತು. ನನ್ನ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಆ ಕಾಟ ನಿಂತಿತು. ದಿನವಿಡೀ ಬ್ಯಾಟರಿ ಸೇವರ್‌ನಲ್ಲಿ ತೆವಳುವುದೂ ತಪ್ಪಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇದೇ. ಬ್ಯಾಟರಿ ಉಬ್ಬಿ ಹಿಂದಿನ ಕವಚ ಮೇಲೆದ್ದಿದ್ದರೆ ಮಾತ್ರ ಅದನ್ನು ಚಾರ್ಜಿಗೇ ಹಾಕಬೇಡಿ.

ಕೊನೆಯದು ಲಿನಿಯೇಜ್ ಓಎಸ್, ಕಂಪನಿಯ ಆಂಡ್ರಾಯ್ಡ್ ತೆಗೆದು ಹಾಕಿಕೊಳ್ಳುವ ಉಚಿತ ಆಂಡ್ರಾಯ್ಡ್ ರೂಪ. 2016ರ ಕೊನೆಗೆ ಇಂಥದ್ದೇ ಆದ ಸಯನೋಜನ್‌ಮಾಡ್ ನಿಂತಾಗ ಅದರ ಜಾಗದಲ್ಲಿ ಬಂದದ್ದು. ಕಂಪನಿ ತುಂಬಿದ್ದ ಬೇಡದ ಆ್ಯಪ್‌ಗಳಿಲ್ಲ, ಫೋನ್ ಸಲೀಸಾಗಿ ಓಡಿತು. ಕಂಪನಿ ಕೈಬಿಟ್ಟ ಮೇಲೂ ಸೆಕ್ಯುರಿಟಿ ಪ್ಯಾಚ್ ಸಿಗುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಇದನ್ನು ಹಾಕಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಬೇಕು, ಹಾಗೆ ಮಾಡಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅನ್‌ಲಾಕ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ನನಗೆ ಅದು ನಡೆಯದ ಮಾತು, ಕಂಪನಿಯ ಆಂಡ್ರಾಯ್ಡ್‌ಗೇ ಮರಳಿದೆ.

ಹಾಡು ಕೇಳಲು, ಓದಲು, ಮಕ್ಕಳಿಗೆ ಕೊಡಲು ಎರಡನೇ ಫೋನಾದರೆ ಧಾರಾಳವಾಗಿ ಲಿನಿಯೇಜ್ ಹಾಕಿ. ನಿಮ್ಮ ಮಾಡೆಲ್ ಅವರ ಪಟ್ಟಿಯಲ್ಲಿದೆಯೇ ಅಂತ ಮೊದಲು ನೋಡಿ. ದಿನಬಳಕೆಯ ಫೋನಿಗೆ ಮೊದಲು ರೀಸೆಟ್ ಮಾಡಿ. ಆಮೇಲೂ ಚಾರ್ಜ್ ದಿಢೀರನೆ ಇಳಿಯುತ್ತಿದ್ದರೆ ಬ್ಯಾಟರಿ ಹಾಕಿಸಿ.