ಕೇಳುವುದರಲ್ಲಿ ಜಾಣ, ಹೇಳುವುದರಲ್ಲಿ ತೊದಲು

ಕೈಯಲ್ಲಿ ಹಿಡಿದು ಮಾತಾಡುವ ಈ ಹ್ಯಾಮ್ ರೇಡಿಯೋ, ಅಂದರೆ ಹ್ಯಾಂಡಿ ಸೆಟ್ಟಿನ ಗುಣಗಾನ ಎಲ್ಲ ಕಡೆ ಓದಿರುತ್ತೀರಿ, ಅದನ್ನು ಬಿಡುತ್ತೇನೆ. ಕಡಿಮೆ ದುಡ್ಡಿಗೆ 5 ವ್ಯಾಟ್ ಪ್ರಸಾರ ಶಕ್ತಿ, ಬ್ಯಾಟರಿಯೂ ಗಟ್ಟಿ. ಕಾರವಾರದ ಮಳೆಗಾಲ ಕಂಡೂ ಕೆಟ್ಟಿಲ್ಲ. ನನ್ನ ತಕರಾರು ಒಂದೇ, ಜೊತೆಗೆ ಕೊಟ್ಟ, ವೈರಿನಿಂದ ಸೆಟ್ಟಿಗೆ ಸಿಕ್ಕಿಸುವ ಕೈಮೈಕ್.

ನಾನಿರುವುದು ಕೋಡಿಬಾಗದಲ್ಲಿ. ಗೆಳೆಯ ಕಾಳಿ ನದಿಯ ಆಚೆ, ಸದಾಶಿವಗಡದಲ್ಲಿ. ಅವನ ಮಾತು ನನಗೆ ಚೊಕ್ಕವಾಗಿ ಕೇಳುತ್ತದೆ. ನಾನು ಬಾಯಿ ತೆರೆದರೆ ಅವನದು ಒಂದೇ ರಾಗ: "ಸಿಗ್ನಲ್ ಫುಲ್ ಇದೆ ಮಾರಾಯಾ, ಆದ್ರೆ ಜೇನುಗೂಡಿನೊಳಗೆ ಕೂತು ಮಾತಾಡ್ತಿದ್ದೀಯಾ?"

ನಾವು ಕಳಿಸುವ ದನಿ ನಮಗೇ ಕೇಳುವುದಿಲ್ಲ, ಅದೇ ಪೇಚು. ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ. ನಿಜ, ಬರೀ ಗುಂಯ್! ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದೆ, ಏನೂ ಬದಲಾಗಲಿಲ್ಲ. ಮೆನುವಿನಲ್ಲಿ ನ್ಯಾರೋ (ಕಿರಿದಾದ ಚಾನೆಲ್) ತೆಗೆದು ವೈಡ್ (ಅಗಲ ಚಾನೆಲ್) ಹಾಕಿದೆ. ದನಿ ಏರಿತು, ಗುಂಯ್ ಕೂಡ ಏರಿತು. ಲೋ ಪವರಿಗೆ ಇಳಿಸಿದರೆ ಗುಂಯ್ ಮಾಯ! ಮೈಕ್ ಕಿತ್ತು ಸೆಟ್ಟಿಗೇ ಮಾತಾಡಿದರೆ ಹೈ ಪವರಿನಲ್ಲೂ ಶುದ್ಧ. ಅಲ್ಲಿಗೆ ಕಳ್ಳ ಸಿಕ್ಕಿದ. ಆಂಟೆನಾದಿಂದ ಹೊರಟ ಅಲೆ ಪಕ್ಕದಲ್ಲೇ ಇರುವ ಮೈಕಿನ ವೈರು ಹತ್ತಿ ಒಳಗೆ ನುಗ್ಗುತ್ತಿತ್ತು, ನನ್ನ ಮಾತಿನ ಜೊತೆ ಮತ್ತೆ ಹೊರಗೆ ಹೋಗುತ್ತಿತ್ತು. ಮೈಕ್ ಬಿಚ್ಚಿ ನೋಡಿದೆ. ವೈರಿಗೆ ಶೀಲ್ಡ್ (ಹೊರಗಿನ ಅಲೆ ತಡೆಯುವ ಲೋಹದ ಹೊದಿಕೆ) ಅಂತ ಇದ್ದದ್ದು ಹೆಸರಿಗೆ ನಾಲ್ಕು ಎಳೆ. ಇಷ್ಟಕ್ಕೆ ಬೇರೆ ದುಡ್ಡು ತಗೊಂಡಿದ್ದಾರೆ ನೋಡಿ.

ಹೊಸ ಮೈಕಿಗೆ ಖರ್ಚು ಮಾಡುವ ಮನಸ್ಸಿರಲಿಲ್ಲ. ಹಳೇ ಪ್ರಿಂಟರ್ ಕೇಬಲ್ಲಿಗೆ ಕಚ್ಚಿಸಿದ್ದ ಕಪ್ಪು ಫೆರೈಟ್ ಕ್ಲಿಪ್ ತೆಗೆದೆ, ವೈರು ಹತ್ತಿ ಬರುವ ರೇಡಿಯೋ ಅಲೆಯನ್ನು ತಡೆಯುವ ಗುಂಡು ಅದು. ಮೈಕಿನ ವೈರನ್ನು ಪಿನ್ನಿನ ಹತ್ತಿರವೇ ಅದರೊಳಗೆ ಎರಡು ಸುತ್ತು ಸುತ್ತಿ ಟಕ್ ಅಂತ ಮುಚ್ಚಿದೆ. ಗುಂಯ್ ಮುಕ್ಕಾಲು ಪಾಲು ಹೋಯಿತು. ಸಿಟ್ಟೂ ಅಷ್ಟೇ ಇಳಿಯಿತು ಅನ್ನಿ.

ಈಗ ಸಂಜೆಯ ಮಾತುಕತೆಗೆ ಮುಂಚೆ ಒಂದು ಚಿಕ್ಕ ಪೂಜೆ ಇದೆ. ಆಂಟೆನಾ ಬಿಚ್ಚುತ್ತೇನೆ. ಉಪ್ಪು ಗಾಳಿಗೆ ಅದರ ಬುಡದ ತಿರುಪು ಬೇಗ ಕಪ್ಪಾಗುತ್ತದೆ. ಕಿವಿ ಒರೆಸುವ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ ಒಂದು ಸುತ್ತು ತಿರುಗಿಸಿದರೆ ಹಳದಿ ಹೊಳಪು ಮತ್ತೆ ಕಾಣುತ್ತದೆ. ಆಮೇಲೆ ಸೆಟ್ ನೆಟ್ಟಗೆ ಹಿಡಿದು, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆ ಇಟ್ಟುಕೊಂಡು ಕೂರುತ್ತೇನೆ. ಮೈಕಿನ ಗುಂಡಿ ಒತ್ತಿದ ತಕ್ಷಣ ಮಾತಾಡಬಾರದು, ಮೊದಲ ಅಕ್ಷರ ನುಂಗಿಹೋಗುತ್ತದೆ.

ಹ್ಯಾಮ್ ಲೈಸೆನ್ಸ್ ಇದ್ದು, 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಊರಿನ ಆಸುಪಾಸು ಮಾತಾಡಲು ಸೆಟ್ ಬೇಕು ಅನ್ನುವವರು ಧಾರಾಳವಾಗಿ ತಗೊಳ್ಳಿ. ಮೈಕ್ ಸೇರಿಸಿದ ಪ್ಯಾಕ್ ಮಾತ್ರ ಬೇಡ.