ನಾಲ್ಕು ಕಡುಗಪ್ಪು ಸ್ಟೌಟ್‌ಗಳು, ಮೂರು ಸಂಜೆ

ಮೊಳಕೆ ಕಟ್ಟಿದ ರಾಗಿಯನ್ನು ಬಾಣಲೆಯಲ್ಲಿ ಹುರಿಯುವಾಗ ಒಂದು ಘಳಿಗೆ ಬರುತ್ತದೆ. ಘಮ ಮನೆಯನ್ನೆಲ್ಲ ತುಂಬಿರುತ್ತದೆ, ಇನ್ನು ಅರ್ಧ ನಿಮಿಷ ಬಿಟ್ಟರೆ ಸೀದು ಹೋಗುತ್ತದೆ. ನನ್ನ ಪಾಲಿಗೆ ಒಳ್ಳೆಯ ಸ್ಟೌಟ್ ಎಂದರೆ ಆ ಘಳಿಗೆಯನ್ನು ಹಿಡಿದಿಟ್ಟ ಬಿಯರು. ಕೆಲಸವೂ ಹೆಚ್ಚುಕಡಿಮೆ ಅದೇ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದರೊಡನೆ ಕಪ್ಪಾಗುವವರೆಗೆ ಹುರಿದ ಒಂದಷ್ಟು ಕಾಳು ಸೇರಿದರೆ ಸ್ಟೌಟಿನ ಬಣ್ಣ, ಕಹಿ, ಕಾಫಿಯಂಥ ವಾಸನೆ.

ಊರಿನಲ್ಲಿ ಬಾಟಲಿಯ ಮೇಲೆ ‘ಸ್ಟ್ರಾಂಗ್’ ಎಂದು ಬರೆದಿದ್ದರೆ ಬೇಗ ತಲೆಗೇರುತ್ತದೆ ಎಂದಷ್ಟೇ ತಿಳಿಯುತ್ತಿದ್ದೆವು. ಸ್ಟೌಟಿಗೆ ಆ ಅಳತೆಗೋಲು ಸಾಲದು. ಮದ್ಯಸಾರ ಏರಿದಂತೆ ಅದನ್ನು ಹೊರುವ ಮೈಯೂ ಬಿಯರಿಗೆ ಇರಬೇಕು, ಇಲ್ಲವಾದರೆ ಗಂಟಲಲ್ಲಿ ಬರಿಯ ಉರಿ ಉಳಿಯುತ್ತದೆ. ಶೇಕಡಾ 7ರಿಂದ 9ರವರೆಗಿನ ನಾಲ್ಕು ಸ್ಟೌಟ್‌ಗಳನ್ನು ಆರಿಸಿಕೊಂಡು ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಇದಕ್ಕಾಗಿಯೇ: ಶ್ರೀಲಂಕಾದ ಲಯನ್ ಸ್ಟೌಟ್ (8.8), ಡಬ್ಲಿನ್‌ನ ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ (7.5), ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸ್ಮಿತ್ ಇಂಪೀರಿಯಲ್ (7), ಕ್ಯಾಲಿಫೋರ್ನಿಯಾದ ಓಲ್ಡ್ ರಾಸ್ಪುಟಿನ್ (9). ನಾನಿರುವ ಸ್ಯಾನ್ ಹೋಸೆಯಲ್ಲಿ ನಾಲ್ಕೂ ಸಿಗುತ್ತವೆ.

ಒಂದೇ ಬಗೆಯ ಗ್ಲಾಸುಗಳು, ತಳದಲ್ಲಿ ಅಂಟಿಸಿದ ಸಂಖ್ಯೆಯ ಚೀಟಿಗಳು. ಯಾವುದು ಯಾವುದರಲ್ಲಿದೆ ಎನ್ನುವುದು ಸುರಿದ ನನ್ನ ಹೆಂಡತಿಗೆ ಮಾತ್ರ ಗೊತ್ತು. ಮೊದಲೆರಡು ಸಂಜೆ ಎರಡೆರಡು, ಮೂರನೆಯ ಸಂಜೆ ನಾಲ್ಕನ್ನೂ ಸ್ವಲ್ಪಸ್ವಲ್ಪ. ಈ ಬಲದ ಬಿಯರು ಎರಡು ಗ್ಲಾಸು ದಾಟಿತೆಂದರೆ ನಾಲಿಗೆಯನ್ನು ನಂಬುವಂತಿಲ್ಲ. ನಡುನಡುವೆ ಬಾಯಿ ತೊಳೆಯಲು ಉಗುರುಬೆಚ್ಚನೆಯ ನೀರು, ಉಪ್ಪುಖಾರವಿಲ್ಲದ ಮಂಡಕ್ಕಿ. ಪ್ರತಿಯೊಂದನ್ನೂ ಎರಡು ಸಲ ಕುಡಿದೆ: ಫ್ರಿಜ್ಜಿನಿಂದ ತೆಗೆದ ಕೂಡಲೇ, ಐದು ಡಿಗ್ರಿಯಲ್ಲಿ, ಆಮೇಲೆ ಅಡುಗೆಮನೆಯ ಥರ್ಮಾಮೀಟರ್ ಹದಿಮೂರು ತೋರಿಸಿದಾಗ.

ಈ ಎರಡನೆಯ ಸಲದಲ್ಲಿ ಮೊದಲ ಸಲದ ಸಾಲು ತಲೆಕೆಳಗಾಯಿತು. ತಣ್ಣಗಿದ್ದಾಗ ನಾನು ಮೊದಲ ಸ್ಥಾನ ಕೊಟ್ಟಿದ್ದು ಗಿನ್ನೆಸ್ಸಿಗೆ. ಒಣ ಕಹಿ, ನಾಲಿಗೆಯ ಅಂಚಿನಲ್ಲಿ ಚುರುಕಾದ ಹುಳಿ, ಚಿಕೋರಿ ಬೆರೆಸದ ಗಟ್ಟಿ ಡಿಕಾಕ್ಷನ್ನಿನ ನೆನಪು. ಇದರ ಮೂಲ 1801ರಲ್ಲಿ ವೆಸ್ಟ್ ಇಂಡೀಸಿಗೆಂದು ಮಾಡಿದ ಪೋರ್ಟರ್ (ಸ್ಟೌಟಿಗೆ ಹುಟ್ಟು ಕೊಟ್ಟ ಹಳೆಯ ಕಪ್ಪು ಬಿಯರು). ಐರಿಷ್ ಪಬ್‌ಗಳಲ್ಲಿ ಕೆನೆಯಂಥ ನೊರೆ ಹೊತ್ತು ಬರುವ, ಶೇಕಡಾ 4.2ರ ಡ್ರಾಫ್ಟ್ ಗಿನ್ನೆಸ್ ಕುಡಿದು ಇದೂ ಹಾಗೆಯೇ ಇರುತ್ತದೆ ಎಂದುಕೊಂಡವರು ಬೆಚ್ಚಿಬೀಳುತ್ತಾರೆ. ಅದರಲ್ಲಿ ನೈಟ್ರೋಜನ್ನಿನ ನುಣುಪು, ಇದರಲ್ಲಿ ನೇರ ಚುಚ್ಚುವ ಗುಳ್ಳೆ. ಗಿನ್ನೆಸ್‌ನವರು ಮೊಳಕೆ ಬರಿಸದ ಬಾರ್ಲಿಯನ್ನು 232 ಡಿಗ್ರಿಯಲ್ಲಿ ಹುರಿಯುತ್ತಾರೆ, ಆ ಒಣತನ ಬರುವುದು ಅಲ್ಲಿಂದ. ಹದಿಮೂರು ಡಿಗ್ರಿಗೆ ಬಂದಾಗ ಮಾತ್ರ ಹುಳಿ ಮುಂದಕ್ಕೆ ಬಂದು ನಿಂತಿತು, ಹಿಂದೆ ಅದನ್ನು ತಡೆದು ಹಿಡಿಯುವಷ್ಟು ಸಿಹಿ ಇರಲಿಲ್ಲ. ಊಟದ ಜೊತೆಗೆ ಇದನ್ನು ಈಗಲೂ ಇಷ್ಟಪಡುತ್ತೇನೆ. ಬರಿದೇ ಕುಳಿತು ಕುಡಿಯಲು ಆರಿಸುವುದಿಲ್ಲ.

ಲಯನ್ ಇದಕ್ಕೆ ನೇರ ವಿರುದ್ಧ. ತಣ್ಣಗಿದ್ದಾಗ ಮಂಕು, ಏನೋ ಸಿಹಿ ಎನ್ನುವಷ್ಟೇ. ಬಿಸಿ ತಾಕುತ್ತಿದ್ದಂತೆ ಗ್ಲಾಸಿನಿಂದ ಎದ್ದ ವಾಸನೆಯನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ: ಆಲೆಮನೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತು, ಕೊಪ್ಪರಿಗೆಯ ಅಂಚಿಗೆ ಹತ್ತಿಕೊಂಡ ಜೋನಿ ಬೆಲ್ಲ. ಅದರ ಹಿಂದೆ ಒಣದ್ರಾಕ್ಷಿ, ಚೆನ್ನಾಗಿ ಕಳಿತ ಬಾಳೆಹಣ್ಣು. ನೊರೆಯದು, ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ. ಗ್ಲಾಸನ್ನು ಓರೆ ಮಾಡಿ ನೇರ ಹಿಡಿದರೆ ಒಳಮೈಗೆ ಎಣ್ಣೆಯಂತೆ ಅಂಟಿ ನಿಧಾನವಾಗಿ ಇಳಿಯುತ್ತದೆ. 8.8 ಎನ್ನುವುದು ಎರಡನೆಯ ಗುಟುಕು ಹೊಟ್ಟೆಗಿಳಿದ ಮೇಲೆ ಎದೆಯಲ್ಲಿ ಬೆಚ್ಚಗಾದಾಗಲಷ್ಟೇ ತಿಳಿಯುವುದು. ಬ್ರಿಟಿಷರ ಕಾಲದಲ್ಲಿ ನುವಾರ ಎಲಿಯದ ಚಹಾ ಬೆಟ್ಟಗಳಲ್ಲಿ ಶುರುವಾದ ಈ ಬ್ರೂವರಿ ಈಗ ಕೊಲಂಬೊ ಬಳಿಯ ಬಿಯಗಮದಲ್ಲಿದೆ. ಜಗತ್ತಿಗೆ ಇದರ ಹೆಸರು ಹೇಳಿದವರು ಇಂಗ್ಲೆಂಡಿನ ಬಿಯರ್ ಬರಹಗಾರ ಮೈಕಲ್ ಜಾಕ್ಸನ್ (ಗಾಯಕನಲ್ಲ, ಅದೇ ಹೆಸರಿನ ಇನ್ನೊಬ್ಬರು). ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ 2015ರಲ್ಲಿ ಇಂಥವಕ್ಕೆ ‘ಟ್ರಾಪಿಕಲ್ ಸ್ಟೌಟ್’ ಎಂದು ಬೇರೆಯೇ ವರ್ಗ ಕೊಟ್ಟಿತು. ಸರಿಯಾದ ಕೆಲಸ. ಇದನ್ನು ಇಂಪೀರಿಯಲ್ ಸ್ಟೌಟಿನ ತೂಕದಲ್ಲಿ ಅಳೆದು ‘ಸಿಹಿ ಹೆಚ್ಚಾಯಿತು’ ಎನ್ನುವುದು ನ್ಯಾಯವಲ್ಲ.

ಮೂರನೆಯ ಸಂಜೆ ಕೊಡಗಿನ ಗೆಳೆಯರೊಬ್ಬರು ಪಂದಿ ಕರಿ ತಂದಿದ್ದರು. ಕಾಚಂಪುಳಿಯ ಕಪ್ಪು ಹುಳಿ, ಹುರಿದ ಮಸಾಲೆ, ಕರಗುವ ಕೊಬ್ಬು. ಒಂದು ತುಂಡು ಬಾಯಿಗಿಟ್ಟು ಲಯನ್ ಕುಡಿದಾಗ ಅದರ ಬೆಲ್ಲದ ಸಿಹಿ ಆ ಹುಳಿಯೊಳಗೆ ಹೋಗಿ ಸೇರಿಕೊಂಡಿತು, ಎರಡೂ ಒಂದೇ ಒಲೆಯಲ್ಲಿ ಬೆಂದಂತೆ. ಆ ಮೂರು ಸಂಜೆಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ಗುಟುಕು ಅದು.

ಸ್ಯಾಮ್ಯುಯೆಲ್ ಸ್ಮಿತ್ ನಾಲ್ಕರಲ್ಲಿ ಮೃದು. ಯಾರ್ಕ್‌ಷೈರಿನ ಟ್ಯಾಡ್‌ಕ್ಯಾಸ್ಟರ್‌ನಲ್ಲಿ 1758ರಿಂದ ಇರುವ ಬ್ರೂವರಿಯಲ್ಲಿ, ಸ್ಲೇಟು ಕಲ್ಲಿನ ಚೌಕ ತೊಟ್ಟಿಗಳಲ್ಲಿ ಇದು ಹುದುಗುತ್ತದೆ. ಕೋಕೋ, ಸುಟ್ಟ ಬ್ರೆಡ್ಡಿನ ಅಂಚು, ತೆಳುವಾದ ವೈನಿನ ನೆರಳು. ದೋಷ ಹುಡುಕಿದರೂ ಸಿಗಲಿಲ್ಲ. ಆದರೆ ಪಕ್ಕದ ಗ್ಲಾಸಿಗೆ ಹೋಗಿ ಬಂದ ಮೇಲೆ ಇದರ ರುಚಿ ನೆನಪಿನಲ್ಲಿ ಉಳಿಯಲಿಲ್ಲ. ಸ್ಟೌಟನ್ನು ಮೊದಲ ಸಲ ಕುಡಿಯುವವರಿಗೆ ಇದನ್ನೇ ಕೊಡುತ್ತೇನೆ.

ಹಾಗೆ ಸುಲಭಕ್ಕೆ ಮರೆಯಲು ಬಿಡದ್ದು ರಾಸ್ಪುಟಿನ್. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಕುಟುಂಬದ ಬ್ರೂವರಿಯಿಂದ ರಷ್ಯಾದ ರಾಣಿ ಕ್ಯಾಥರೀನಳ ಅರಮನೆಗೆ ಗಟ್ಟಿ ಪೋರ್ಟರ್ ಹೋಗುತ್ತಿತ್ತು. ‘ಇಂಪೀರಿಯಲ್’ ಎಂಬ ಮಾತು ಆ ನಂಟಿನದು. ಅದೇ ಪರಂಪರೆಯನ್ನು ಫೋರ್ಟ್ ಬ್ರ್ಯಾಗ್ ಎಂಬ ಸಣ್ಣ ಕಡಲತೀರದ ಊರಿನ ನಾರ್ತ್ ಕೋಸ್ಟ್ ಬ್ರೂವರಿ ಎತ್ತಿಕೊಂಡಿತು. ಅವರೇ ಹೇಳುವ ಕಹಿಯ ಅಳತೆ 75 ಐಬಿಯು. ನಾವು ದಿನವೂ ನೋಡುವ ತಿಳಿಬಣ್ಣದ ಬಿಯರುಗಳದು, ಅಂದರೆ ಸಾಧಾರಣ ಲಾಗರ್‌ಗಳದು, ಇಪ್ಪತ್ತರ ಆಸುಪಾಸು, ಎಷ್ಟೋ ಸಲ ಅದಕ್ಕೂ ಕೆಳಗೆ. ಐದು ಡಿಗ್ರಿಯಲ್ಲಿ ಇದು ಸಹಿಸಲಾಗದಷ್ಟು ಕಹಿ, ಕರಕಲು ತೊಗಟೆ ಕಚ್ಚಿದಂತೆ. ಹದಿಮೂರರಲ್ಲಿ ಆ ಕಹಿಯ ಕೆಳಗಿಂದ ಕಪ್ಪು ಚಾಕೊಲೇಟು, ಸೀಯುವ ಮುನ್ನ ಇಳಿಸಿದ ಸಕ್ಕರೆಪಾಕ, ಕೊನೆಗೆ ಹಾಪ್ಸಿನ (ಬಿಯರಿಗೆ ಕಹಿ ಕೊಡುವ ಹೂವಿನ) ಸೊಪ್ಪಿನಂಥ ಒಗರು ಒಂದೊಂದಾಗಿ ಮೇಲೆ ಬಂದವು. ನುಂಗಿ ಎರಡು ನಿಮಿಷವಾದರೂ ಅಂಗುಳದಲ್ಲಿ ಹುರಿದ ರುಚಿ ಇತ್ತು. ಸಿಹಿ ಹೆಚ್ಚಾಗುತ್ತಿದೆ ಎನ್ನಿಸುವಷ್ಟರಲ್ಲಿ ಕಹಿ ಬಂದು ಸರಿಮಾಡುತ್ತದೆ, ಹಾಗಾಗಿ ಕಡೆಯ ಗುಟುಕಿನವರೆಗೂ ಬೇಸರ ಬರಲಿಲ್ಲ. ಲಯನ್ ಗ್ಲಾಸಿನ ಕೊನೆಯ ಕಾಲುಭಾಗದಲ್ಲಿ, ಜೊತೆಗೆ ಊಟವಿಲ್ಲದಿದ್ದರೆ, ಸ್ವಲ್ಪ ಮುಖ ಕಟ್ಟುತ್ತದೆ. ಇವೆರಡರ ನಡುವೆ ನಾನು ಆರಿಸುವಾಗ ತೀರ್ಮಾನಕ್ಕೆ ಬಂದದ್ದು ಈ ಕೊನೆಯ ಕಾಲುಭಾಗದ ಮೇಲೆ.

ಕೊಳ್ಳುವವರಿಗೆ ಒಂದು ಮಾತು. ಒಂದು ಅಂಗಡಿಯ ಬಿಸಿಲು ಬೀಳುವ ಕಪಾಟಿನಿಂದ ತಂದ ಬಾಟಲಿಯೊಂದು ನೆನೆದ ರಟ್ಟಿನ ರುಚಿ ಕೊಟ್ಟು, ಒಂದು ಸಂಜೆಯ ಹೋಲಿಕೆಯನ್ನೇ ಮತ್ತೆ ಮಾಡಬೇಕಾಯಿತು. ತಾರೀಕು ನೋಡಿ, ನೆರಳಿನಲ್ಲಿದ್ದುದನ್ನು ತೆಗೆದುಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ತೆರೆಯದೆ ಹೊರಗಿಡಿ.

ಒಬ್ಬನೇ ಕುಳಿತು ಒಂದೇ ಗ್ಲಾಸು ಕುಡಿಯುವ ಚಳಿಗಾಲದ ಸಂಜೆಗೆ ರಾಸ್ಪುಟಿನ್, ಮಾಂಸದ ಅಡುಗೆಯಿದ್ದು ನಾಲ್ಕು ಜನ ಸೇರಿದ ದಿನಕ್ಕೆ ಲಯನ್. ಗಟ್ಟಿ ಇಂಪೀರಿಯಲ್ ಸ್ಟೌಟ್‌ಗಳು ಕೆಲವು ವರ್ಷ ಇಟ್ಟರೆ ಮಾಗುತ್ತವೆ. ರಾಸ್ಪುಟಿನ್ನಿನ ಒಂದು ಬಾಟಲಿಗೆ ತಾರೀಕು ಬರೆದು ಅಲಮಾರಿನ ಕೆಳಗಿನ ಅರೆಯಲ್ಲಿ ನಿಲ್ಲಿಸಿದ್ದೇನೆ. ಎರಡು ವರ್ಷ ಕಳೆದ ಮೇಲೆ ಹೊಸ ಬಾಟಲಿಯೊಂದರ ಪಕ್ಕದಲ್ಲಿಟ್ಟು ತೆರೆಯಬೇಕು.