ಮಕ್ಕಳ ವಾರ್ಡಿನ ಭೇಟಿ ವ್ಯವಸ್ಥೆ: ಐದಕ್ಕೆ ನಾಲ್ಕು ಸ್ಟಾರ್

ಅಕ್ಕನ ಮಗಳು ಆರು ದಿನ ಈ ಆಸ್ಪತ್ರೆಯಲ್ಲಿದ್ದಳು. ನಾನು ಮೂರು ಸಲ ನೋಡಲು ಹೋದೆ. ಮೊದಲ ದಿನ ನರ್ಸ್ ಬಾಗಿಲಲ್ಲೇ ತಡೆದರು. "ಶೀತ, ಜ್ವರ ಇದೆಯಾ? ಎರಡು ದಿನದಲ್ಲಿ ವಾಂತಿ, ಭೇದಿ ಆಗಿತ್ತಾ?" ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಭೇದಿ ಆಗಿದ್ದರೆ ಅದು ನಿಂತು 48 ಗಂಟೆ ಕಳೆಯುವವರೆಗೆ ಒಳಗೆ ಬಿಡುವುದಿಲ್ಲ ಎಂದರು. ಸ್ಯಾನಿಟೈಸರ್ ಹಚ್ಚಿದ್ದರೂ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಸಿದರು. ಭೇದಿ ತರುವ ಕೆಲವು ರೋಗಾಣುಗಳು ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ.

ತಂದಿದ್ದ ಬಲೂನು ಹೊರಗೇ ಉಳಿಯಿತು. ಬಲೂನಿನ ರಬ್ಬರ್, ಅಂದರೆ ಲ್ಯಾಟೆಕ್ಸ್, ಕೆಲವರಿಗೆ ಅಲರ್ಜಿ. ಒಡೆದ ಚೂರು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ, ಅಲ್ವಾ? ಬಣ್ಣದ ಪೆನ್ಸಿಲ್‌ಗಳಿಗೆ ಅಡ್ಡಿಯಿರಲಿಲ್ಲ. ಮಂಚದ ಮೇಲೆ ಕೂರಬೇಡಿ ಅಂತ ಸ್ಟೂಲ್ ಕೊಟ್ಟರು. ಅವಳ ಮುಖಕ್ಕೆ ನನ್ನ ಮುಖ ಸಮವಾಯಿತು, ಆಮೇಲೇ ಅವಳ ಬಾಯಿಂದ ಮಾತು ಹೊರಟಿದ್ದು. "ಚಿಕ್ಕಮ್ಮಾ, ಡ್ರಿಪ್ ಪೈಪ್ ಮುಟ್ಬೇಡ" ಅಂತ ಗದರಿದಳು ಬೇರೆ! ಇಪ್ಪತ್ತು ನಿಮಿಷಕ್ಕೆ ಆಕಳಿಕೆ ಶುರುವಾಯಿತು. ಎದ್ದು ಬಂದೆ.

ಒಂದು ಸ್ಟಾರ್ ಯಾಕೆ ಕಡಿಮೆ? ನಿಯಮಗಳ ಬೋರ್ಡು ಗೇಟಿನಲ್ಲಿಲ್ಲ, ಮೂರನೇ ಮಹಡಿಯಲ್ಲಿದೆ. ಪಕ್ಕದ ಮಂಚದ ಸುತ್ತ ಏಳು ಜನ ನಿಂತು ಗಲಾಟೆ ಮಾಡಿದಾಗ ಸಿಬ್ಬಂದಿ ಸುಮ್ನೆ ನೋಡುತ್ತಿದ್ದರು.